ಹಿಟ್ಟು

ಕಿಟಕಿ ಆಚಿ ಕುಂತ ಸಾಹೇಬ
ತಲಿ ಎತ್ತಲಾರದೆ ಕೇಳಿದ:
ತೀರಿಕೊಂಡವರ ಹೆಸರು?

ಹಿಂದ ಹನ್ನೊಂದು ಮಂದಿ ಸಾಲಿನ್ಯಾಗ.
ಫ್ಯಾನು ಕಿರ್ರಂತಿತ್ತು.
ನಾ ಮೊಮ್ಮಗಳ ಮಾರಿ ನೋಡಿದೆ.

ನಲವತ್ತಾರು ವರ್ಷ,
ಶಹಾಬಾದದ ಯಾವ ಓಣ್ಯಾಗ ಬೇಕಾದ್ರ ಕೇಳು,
ಆ ಹೆಸರು ನನ್ನ ಬಾಯಾಗ ಬಂದಿಲ್ಲ.
ಮೊದಲಿಗಿ "ನೋಡ್ರಿಲ್ಲಿ" ಅಂತಿದ್ದೆ,
ಮಗಳು ಹುಟ್ಟಿದ ಮ್ಯಾಲ "ಜಗದೇವಿ ಅಪ್ಪಾ."

ಬರೀ ಹೆಸರಾಗಿದ್ದರ ನಡೀತಿತ್ತು.
ಹೆಸರಿನ ಅರ್ಧ
ದಿನಾ ಸಂಜಿಗಿ ಅವರ ಮೈಮ್ಯಾಲೇ ಮನಿಗಿ ಬರತಿತ್ತು,
ಹುಬ್ಬಿನ್ಯಾಗ, ಕಿವಿ ಸಂದ್ಯಾಗ, ಬುತ್ತಿ ಡಬ್ಬಿ ಮುಚ್ಚಳದ ಮ್ಯಾಲ,
ಫರಸಿ ಗಣಿಯ ಬೆಳ್ಳನ್ನ ಪುಡಿ.
ಮಂದಿ ಅದಕ್ಕ ಒಂದು ಮಾತು ಅಂತಾರ,
ನಾ ಅನ್ನಂಗಿಲ್ಲ.
"ಹಿಟ್ಟು ಝಾಡಿಸಿ ಒಳಗ ಬರ್ರಿ" ಅಂತಿದ್ದೆ.
ಸಣ್ಣ ನಾದಿನಿ ನಗತಿದ್ದಳು:
ವೈನಿ, ನಮ್ಮಣ್ಣ ಕಲ್ಲು ಬೀಸ್ತಾನೇನು?

ಬೀಸತಿದ್ದರು ಮತ್ತ.
ಕೋಳಿ ಕೂಗೂಕಿಂತ ಮೊದಲೇ ಎದ್ದು
ಬಟ್ಟಿಗಿ ಚಿಂದಿ ಸುತ್ತಿಕೊಂಡು, ಸುತ್ತಿಗಿ ಹೆಗಲಿಗಿ.
ಮೂಲಿ ಒಡದ ಹಾಸಿಗಿ ಮಾಲಕ ರೊಕ್ಕ ಕೊಡಂಗಿಲ್ಲ.
ಅವನ್ನ ಸೈಕಲ್ಲಿಗಿ ಕಟ್ಟಿ ತರೋರು, ದಿನಕ್ಕೊಂದು.
ಹನ್ನೆರಡು ವರ್ಷಕ್ಕ ಮನಿ ಆತು.
ನೆಲ, ಗ್ವಾಡಿ, ಮಾಳಗಿ, ನೀರಿನ ತೊಟ್ಟಿ,
ಬಟ್ಟಿ ಒಗಿಯೋ ಕಲ್ಲು ಸುದ್ದಾ,
ಒಂದಕ್ಕೊಂದು ಹೊಂದದ ಮುಕ್ಕು ಕಲ್ಲು.
ಸಂದಿಗೆಲ್ಲ ತಾವೇ ಕುಂತು ಸಿಮೆಂಟ್ ತುಂಬಿದರು.
ಬೀಗರು ಬಂದಾಗ ಒಡದ ಮೂಲಿ ಮ್ಯಾಲ
ನಾ ಚಾಪಿ ಹಾಸತಿದ್ದೆ.
ಅವರು ಕಾಲಿಲೆ ಸರಿಸಿಬಿಡೋರು.

ಐತವಾರ ಅಂದ್ರ ನೆಲಕ್ಕ ನೀರು ಹೊಡದು
ಬೋರಲು ಮಲಗೋದು.
"ಬೆನ್ನು ತುಳೀರಲೇ, ತಲಿಗಿ ಒಂದೊಂದು ರೂಪಾಯಿ."
ನಾಕೂ ಮೊಮ್ಮಕ್ಕಳು ಸಾಲಾಗಿ ಹತ್ತಿ ಇಳಿಯೋವು.
ಸಣ್ಣಾವ ಎರಡೆರಡು ಸಲ ಹತ್ತಿ
ಎರಡು ರೂಪಾಯಿ ಇಸಗೋತಿದ್ದ.
ಇವರಿಗಿ ಗೊತ್ತಿತ್ತು.

ಆ ನೆಲದ ಮ್ಯಾಲೇ ಭಾಗ್ಯವಂತಿ
ನೀರಾಗ ಬಟ್ಟು ಅದ್ದಿ ಅಜ್ಜನ ಹೆಸರು ಬರದು ತೋರಿಸಿದಳು.
"ಮೊದಲ ಅಕ್ಷರದ ಹೊಟ್ಟಿ ಸೀಳಬೇಕು ಮುತ್ಯಾ."
"ಜಲಮೆಲ್ಲ ಕಲ್ಲಿನ ಹೊಟ್ಟಿ ಸೀಳೀನಿ,
ಇನ್ನ ಅಕ್ಷರದ್ದೂ ಸೀಳ್ಲೇನವ್ವಾ?"
ಏಪ್ರಿಲ್ ಬಿಸಲು.
ಕಡೀ ಅಕ್ಷರ ಮುಗಸೂದ್ರಾಗ ಮೊದಲನೇದು ಆರಿ ಹೋಗತಿತ್ತು.
ಮತ್ತ ಬರಿಯೋರು. ಮತ್ತ ಆರತಿತ್ತು.
ನಾ ಒಲಿ ಮುಂದ ಕುಂತು ರೊಟ್ಟಿ ಬಡಕೋತ ನೋಡತಿದ್ದೆ,
ಓದಾಕ ಬರಲಾರದೆ.

ಕಲಬುರಗಿ ದವಾಖಾನ್ಯಾಗ
ಎದಿ ಫೋಟೊ ಬೆಳಕಿಗಿ ಹಿಡದು ಡಾಕ್ಟರು
ಒಂದೇ ಮಾತು ಅಂದರು, ಅದೇ ಮಾತು.
ಮಗಳು ಫೋನಿನ್ಯಾಗ ಕೇಳಿದಳು: ಏನಂದ್ರವ್ವಾ?
ಹ್ಯಾಂಗ ಹೇಳಲಿ.
"ಎದಿ ತುಂಬ ಹಿಟ್ಟು ಅದಂತ ಜಗದೇವಿ" ಅಂದೆ.
ಆಕಿ ಬಾಳೊತ್ತು ಮಾತಾಡಲಿಲ್ಲ.

ಸಾಹೇಬ ಎರಡನೇ ಸಲ ಕೇಳಿದ.
ಮೊಮ್ಮಗಳು ಬಾಯಿ ತೆರದಳು,
ನಾ ಆಕಿ ಕೈ ಹಿಡದೆ.
ಒಮ್ಮಿ ಹೇಳಿದ್ದೆನಲ್ಲ,
ಹೊಸ್ತಿಲಕ್ಕ ಅಡ್ಡ ನಿಂತು ನಾದಿನ್ಯಾರು ಬಿಡಲಾರದಾಗ.
ಅದು ನೆಪ್ಪಿತ್ತು, ಒಂದಕ್ಷರ ಬಿಡದಂಗ:

ಕಾಗಿಣಿ ದಂಡ್ಯಾಗ ಕೊಂಡೆ ನಾ ಹಸರ ಬಳಿ,
ಧೂಳಪ್ಪ ಬಂದರ ನಮ್ಮ ಅಂಗಳಕ ಮಳಿ.

ಸಾಲಿನ್ಯಾಗ ಯಾರೋ ನಕ್ಕರು,
ಯಾರೋ ಶ್ ಅಂದರು.
ಸಾಹೇಬ ಈಗ ತಲಿ ಎತ್ತಿದ.
ಪೆನ್ನು ಹಿಡದು ನಿಂತ: "ದ ಯಾವುದವ್ವಾ?
ಅಲ್ಪಪ್ರಾಣೋ, ಮಹಾಪ್ರಾಣೋ?"

"ನನಗ ಓದು ಬರಂಗಿಲ್ಲ ತಮ್ಮಾ.
ಹೊಟ್ಟಿ ಸೀಳಿ ಬರಕೋ.
ಮಹಾಪ್ರಾಣನೇ ಇತ್ತು ಅದು."

ಮನಿಗಿ ಬಂದು
ಗೂಟಕ್ಕಿದ್ದ ಅಂಗಿ ಝಾಡಿಸಿದೆ.
ಧೂಳು, ಅಂದೆ. ಇನ್ನೊಮ್ಮಿ ಅಂದೆ.
ಕಸಬರಗಿ ತರಲಿಲ್ಲ.